ಕಲ್ಲಿನ ಚಿತ್ರ ಅಂಟಿಸಿದ ಕಟ್ಟೆ

ನಮ್ಮಮ್ಮ 2016ರಲ್ಲಿ ಮೊದಲ ಸಲ ರೆಡಿಂಗ್‌ಗೆ ಬಂದಾಗ ಅಡುಗೆಮನೆಯಲ್ಲಿ ಮಾಡಿದ ಮೊದಲ ಕೆಲಸ ಏನು ಗೊತ್ತಾ? ವರ್ಕ್‌ಟಾಪ್ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು. ತೆಂಗಿನಕಾಯಿ ಕೊಳ್ಳುವಾಗ ಬಡಿದು ನೋಡ್ತಾರಲ್ಲ, ಹಾಗೆ. ಕಪ್ಪು ಬಣ್ಣ, ನಡುನಡುವೆ ಬೆಳ್ಳಿ ಚುಕ್ಕಿ, ಮುಖ ಕಾಣುವಷ್ಟು ಹೊಳಪು. ದೂರದಿಂದ ನೋಡಿದರೆ ಮೈಸೂರಿನ ನಮ್ಮ ಮನೆಯ ಗ್ರಾನೈಟ್ ಕಟ್ಟೆಯೇ. ಹಾಗೆ ಕಾಣಲಿ ಅಂತಲೇ ನಾನು ಅದನ್ನು ಆರಿಸಿದ್ದು.

"ಕಲ್ಲಲ್ವೇನೋ ಇದು?"

"ಅಲ್ಲಮ್ಮ, ಲ್ಯಾಮಿನೇಟು."

"ಅಂದ್ರೆ?"

"ಸನ್‌ಮೈಕ."

"ಸನ್‌ಮೈಕದ ಮೇಲೆ ಅಡುಗೆ ಮಾಡ್ತೀರಾ?"

ಆ ಪ್ರಶ್ನೆಗೆ ಆವತ್ತು ನಕ್ಕುಬಿಟ್ಟೆ. ಈಗ ಅದಕ್ಕೆ ಸರಿಯಾಗಿ ಉತ್ತರ ಹೇಳೋಣ ಅಂತ ಕೂತಿದ್ದೇನೆ. ಇದನ್ನು ಕೇಳುತ್ತಾ ಪಾತ್ರೆ ತೊಳೆಯುತ್ತಿರುವವರು ಒಂದು ನಿಮಿಷ ನಲ್ಲಿ ನಿಲ್ಲಿಸಿ ನಿಮ್ಮ ಮುಂದಿರುವ ಕಟ್ಟೆಯನ್ನು ನೋಡಿ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇರೋದು ಇದೇ ವಸ್ತು. ಆದರೆ ಅದನ್ನು ಆರಿಸುವಾಗ ನಾವು ಯೋಚಿಸೋದು ಬೆಲೆ ಮತ್ತು ಬಣ್ಣ, ಎರಡೇ.

ಅಮೆರಿಕದಲ್ಲಿದ್ದರೆ ನೀವು ಕೌಂಟರ್‌ಟಾಪ್ ಅಂತೀರಿ, ಆಸ್ಟ್ರೇಲಿಯಾದಲ್ಲಿ ಬೆಂಚ್‌ಟಾಪ್, ಇಲ್ಲಿ ಇಂಗ್ಲೆಂಡಿನಲ್ಲಿ ವರ್ಕ್‌ಟಾಪ್. ಮೂರರಲ್ಲೂ ಇರೋದು 'ಟಾಪ್', ಯಾವುದರದೋ ಮೇಲ್ಭಾಗ. ನಾವು ಅದನ್ನು ಕಟ್ಟೆ ಅಂತೀವಿ. ಜಗಲಿಕಟ್ಟೆ, ಬಾವಿಕಟ್ಟೆ, ಅಶ್ವತ್ಥಕಟ್ಟೆಗಳ ಸಾಲಿನಲ್ಲೇ ಅಡುಗೆ ಕಟ್ಟೆಯೂ ಇದೆ. ಹೊರಗೆ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರಿಗೆ ಒಂದು ಮಾತು: ಕಟ್ಟಿದ್ದು ಕಟ್ಟೆ. ನೆಲದಿಂದ ಎದ್ದು ನಿಂತದ್ದು, ಅಲ್ಲಾಡದ್ದು, ಹತ್ತಿ ಕೂತರೂ ತಡೆಯುವಂಥದ್ದು. ಊರಿನ ಅಡುಗೆ ಕಟ್ಟೆಗೆ ಇಟ್ಟಿಗೆಯದೋ ಕಲ್ಲಿನದೋ ಆಸರೆ, ಮೇಲೆ ಕಡಪ ಕಲ್ಲು, ಸ್ವಲ್ಪ ಅನುಕೂಲವಿದ್ದರೆ ಗ್ರಾನೈಟ್. ಒಲೆಯಿಂದ ಇಳಿಸಿದ ಕುಕ್ಕರ್ ಅದರ ಮೇಲೆ ಕೂರುತ್ತದೆ. ಚಪಾತಿ ನೇರವಾಗಿ ಅದರ ಮೇಲೇ ಲಟ್ಟಿಸುತ್ತಾರೆ. ರಾತ್ರಿ ಎರಡು ಚೊಂಬು ನೀರು ಸುರಿದು, ಉಜ್ಜಿ, ಬಟ್ಟೆಯಲ್ಲಿ ಎಳೆದುಬಿಟ್ಟರೆ ಆಯ್ತು.

ಸನ್‌ಮೈಕ ಇರೋದು ಅದರ ಕೆಳಗಿನ ಕಪಾಟಿನ ಬಾಗಿಲಿಗೆ. ಟಿವಿ ಇಡೋ ಸ್ಟ್ಯಾಂಡಿಗೆ, ವಾರ್ಡ್‌ರೋಬಿಗೆ, ಬ್ಯಾಂಕಿನ ಮೇಜಿಗೆ. ಸನ್‌ಮೈಕ ಅನ್ನೋದು ಮೂಲತಃ ಒಂದು ಬ್ರ್ಯಾಂಡಿನ ಹೆಸರು, ಈಗ ಯಾವ ಕಂಪನಿಯದಾದರೂ ಸನ್‌ಮೈಕವೇ. ಮರಗೆಲಸದವರ ಬಾಯಲ್ಲಿ ಅದು ಬರೀ ಮೈಕ. ಅಮ್ಮನಿಗೆ ವಿಚಿತ್ರ ಅನಿಸಿದ್ದು ಇದೇ. ಬಾಗಿಲಿಗೆ ಅಂಟಿಸೋ ವಸ್ತು ಹತ್ತಿ ಬಂದು ಕಟ್ಟೆಯ ಜಾಗದಲ್ಲಿ ಕೂತಿದೆ!

ಮೈಕ ಅಂದರೆ ಅಭ್ರಕ, ನಮ್ಮ ಆಡುಮಾತಿನ ಕಾಗೆ ಬಂಗಾರ. ತಮಾಷೆಯೆಂದರೆ ಈ ಹಾಳೆಯಲ್ಲಿ ಕಾಗೆ ಬಂಗಾರ ಒಂದು ಚೂರೂ ಇಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬಿಬ್ಬರು, ವಿದ್ಯುತ್ ಯಂತ್ರಗಳಲ್ಲಿ ಇನ್ಸುಲೇಷನ್‌ಗೆ ಬಳಸುತ್ತಿದ್ದ ಅಭ್ರಕಕ್ಕೆ ಬದಲಿ ವಸ್ತು ಮಾಡಿ, 1913ರಲ್ಲಿ ಸಿನ್ಸಿನಾಟಿಯಲ್ಲಿ ತಮ್ಮದೇ ಕಂಪನಿ ಶುರು ಮಾಡಿದರು. 'ಫಾರ್ ಮೈಕ', ಅಂದರೆ ಮೈಕದ ಬದಲಿಗೆ. ಹಾಗಾಗಿ ಫಾರ್ಮೈಕ. ಹುಟ್ಟಿದ್ದೇ ಬದಲಿಯಾಗಿ. ಆದರೆ ಆಗ ಅದು ಅಭ್ರಕದ ಕೆಲಸ ಮಾಡಿದರೆ ಸಾಕಿತ್ತು, ಅಭ್ರಕದ ಹಾಗೆ ಕಾಣುವ ಹಂಗು ಇರಲಿಲ್ಲ. ಮೇಲೆ ಮರದ, ಕಲ್ಲಿನ ಚಿತ್ರ ಮುದ್ರಿಸೋ ದಾರಿ ತೆರೆದದ್ದು 1920ರ ದಶಕದ ಕೊನೆಯಲ್ಲಿ. ನನ್ನ ತಕರಾರು ಶುರುವಾಗೋದು ಅಲ್ಲಿಂದ.

ಮೊದಲು ವಸ್ತು ಏನು ಅಂತ ನೋಡಿಬಿಡೋಣ. ಕಂದು ಬಣ್ಣದ ಕ್ರಾಫ್ಟ್ ಕಾಗದದ ಕೆಲವು ಹಾಳೆಗಳನ್ನು ಫೀನಾಲಿಕ್ ರಾಳದಲ್ಲಿ ನೆನೆಸುತ್ತಾರೆ. ಅದರ ಮೇಲೆ ಚಿತ್ರ ಮುದ್ರಿಸಿದ ಒಂದು ಹಾಳೆ, ಅದಕ್ಕೆ ಮೆಲಮೈನ್ ರಾಳ. ಎಲ್ಲವನ್ನೂ ಸೇರಿಸಿ ಬಿಸಿ ಮಾಡಿ ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಬರೋದು ಒಂದು ಮಿಲಿಮೀಟರಿಗಿಂತ ತೆಳ್ಳಗಿನ, ಗಟ್ಟಿಯಾದ ಹಾಳೆ. ಅದನ್ನು ಚಿಪ್‌ಬೋರ್ಡ್ ಹಲಗೆಗೆ ಅಂಟಿಸಿದರೆ ವರ್ಕ್‌ಟಾಪ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 38 ಮಿಲಿಮೀಟರ್ ದಪ್ಪ, 600 ಮಿಲಿಮೀಟರ್ ಅಗಲ, 3 ಮೀಟರ್ ಉದ್ದ. ಅಂದರೆ ಅಂಗಡಿಯಲ್ಲಿ ನಾವು ಆರಿಸುತ್ತಿರೋದು ಕಲ್ಲನ್ನೂ ಅಲ್ಲ, ಮರವನ್ನೂ ಅಲ್ಲ, ಒಂದು ಮುದ್ರಿತ ಪುಟವನ್ನು. ಪುಟ ಅಂದ ಮೇಲೆ ವಿಮರ್ಶೆ ಮಾಡಬಹುದು ತಾನೆ?

ಹಾಗೆ ಓದಲು ನನಗೆ ಕಲಿಸಿದ್ದು ಮಗಳು. 2021ರಲ್ಲಿ ಹಳೇ ಕಟ್ಟೆ ಬದಲಾಯಿಸಲು ಹೊರಟಾಗ (ಯಾಕೆ ಬದಲಾಯಿಸಬೇಕಾಯಿತು ಅಂತ ಆಮೇಲೆ ಹೇಳ್ತೀನಿ) ಅವಳನ್ನೂ ಶೋರೂಮಿಗೆ ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ ಹನ್ನೊಂದು. ಓಕ್ ಮರದ ಪಟ್ಟಿಗಳನ್ನು ಜೋಡಿಸಿದ ಹಾಗೆ ಕಾಣುವ ಒಂದು ಮೂರು ಮೀಟರ್ ಹಲಗೆ ನನಗೆ ಬಹಳ ಹಿಡಿಸಿತ್ತು. ಅವಳು ಅದರ ಉದ್ದಕ್ಕೂ ನಡೆದು ಹೋಗಿ, ವಾಪಸ್ ಬಂದು, "ಅಪ್ಪಾ, ಈ ಗಂಟು ಅಲ್ಲೂ ಇದೆ. ಆ ಕಡೇಲೂ ಇದೆ," ಅಂದಳು. ನೋಡಿದೆ. ಹೌದು. ಮರದ ಅದೇ ಗಂಟು, ಪಕ್ಕದಲ್ಲಿ ಅದೇ ಸೀಳು. ಮುದ್ರಣದ ಸಿಲಿಂಡರ್ ಒಂದು ಸುತ್ತು ಮುಗಿಸಿದ ಮೇಲೆ ಚಿತ್ರ ಮತ್ತೆ ಮೊದಲಿಂದ ಬರಲೇಬೇಕಲ್ಲ. ಆದರೆ ಮರ ಒಂದೇ ಗಂಟನ್ನು ಎರಡು ಸಲ ಬೆಳೆಸೋದಿಲ್ಲ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಆ ಹಲಗೆಯಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ಅದಕ್ಕೇ ಅಂಗೈಯಗಲದ ಸ್ಯಾಂಪಲ್ ನೋಡಿ ಆರಿಸಬೇಡಿ. ಅಷ್ಟು ಚಿಕ್ಕ ತುಂಡಿನಲ್ಲಿ ಎಲ್ಲ ಚಿತ್ರವೂ ಚೆಂದ, ಒಂದು ಸಾಲು ಓದಿ ಇಡೀ ಕಾದಂಬರಿ ಕೊಂಡ ಹಾಗೆ. ಉದ್ದದ ಹಲಗೆ ಎಲ್ಲಿದೆ ಕೇಳಿ, ಅದರ ಪಕ್ಕದಲ್ಲಿ ನಡೆದು ನೋಡಿ. ಅಮೃತಶಿಲೆಯ ಚಿತ್ರವಾದರೆ ಅಂಚು ನೋಡಿ. ನಿಜವಾದ ಕಲ್ಲಿನಲ್ಲಿ ಗೆರೆ ಮೇಲಿಂದ ಅಂಚಿಗೆ ಇಳಿದು ದಪ್ಪದೊಳಗೆ ಹೋಗುತ್ತದೆ. ಅಂಚಿಗೆ ಪಟ್ಟಿ ಅಂಟಿಸಿದ ಲ್ಯಾಮಿನೇಟಿನಲ್ಲಿ ಆ ಪಟ್ಟಿ ಬೇರೆ, ಅದರ ಮುದ್ರಣ ಬೇರೆ. ಮೇಲಿನ ಗೆರೆ ಅಂಚಿಗೆ ಬಂದು ಕಡಿದು ಬೀಳುತ್ತದೆ. ಮೂಲೆಯಲ್ಲಿ ಎರಡು ಹಲಗೆ ಸೇರುವ ಕಡೆಯಂತೂ, ಒಂದು ಕಡೆಯಿಂದ ಬಂದ ನದಿ ಇನ್ನೊಂದು ಕಡೆ ಗೋಡೆಗೆ ಗುದ್ದಿದ ಹಾಗೆ ಇರುತ್ತದೆ.

ಇಷ್ಟು ಮಾತ್ರ ಆಗಿದ್ದರೆ ಇದು ಬರೀ ಅಂದಚೆಂದದ ದೂರು. ಅದಕ್ಕಿಂತ ದೊಡ್ಡ ದೂರು ನನಗೆ ಅರ್ಥವಾದದ್ದು ಅಮ್ಮನಿಂದ, ಆ ಮೊದಲ ಭೇಟಿಯಲ್ಲೇ.

ಬಂದ ಮೂರನೇ ವಾರ ಇರಬೇಕು, ನಾವಿಬ್ಬರೂ ಆಫೀಸಿಗೆ ಹೋಗಿದ್ದೆವು. ಅಮ್ಮ ಬೇಳೆ ಬೇಯಿಸಿ, ಕುಕ್ಕರನ್ನು ಒಲೆಯಿಂದ ಎತ್ತಿ ನಲವತ್ತು ವರ್ಷದ ಅಭ್ಯಾಸದಲ್ಲಿ ಪಕ್ಕದ ಕಟ್ಟೆ ಮೇಲೆ ಇಟ್ಟಿದ್ದಾಳೆ. 15 ಪಿಎಸ್‌ಐ ಒತ್ತಡದ ಕುಕ್ಕರಿನ ಒಳಗಿನ ನೀರೇ ಸುಮಾರು 120 ಡಿಗ್ರಿ ಇರುತ್ತದೆ. ಆಗ ತಾನೇ ಉರಿಯಿಂದ ಇಳಿಸಿದ ತಳ ಇನ್ನೂ ಬಿಸಿ. ಅದು ಹತ್ತು ನಿಮಿಷ ಅಲ್ಲೇ ಕೂತಿತು. ಎತ್ತಿದಾಗ ಕಪ್ಪು ಹೊಳಪಿನ ಮೇಲೆ ಬೂದಿ ಬಣ್ಣದ ಒಂದು ಪೂರ್ತಿ ವೃತ್ತ, ನಡುವೆ ಸಣ್ಣದೊಂದು ಉಬ್ಬು.

ಅವಳು ಹೇಳಲಿಲ್ಲ. ನಿಂಬೆಹಣ್ಣು ಉಜ್ಜಿದ್ದಾಳೆ, ಅಡುಗೆ ಸೋಡಾ ಉಜ್ಜಿದ್ದಾಳೆ, ಕೊನೆಗೆ ಕೊಬ್ಬರಿ ಎಣ್ಣೆ ಸವರಿದ್ದಾಳೆ. ಆಮೇಲೆ ಅಕ್ಕಿ ಡಬ್ಬಿ ತಂದು ಅದರ ಮೇಲೆ ಇಟ್ಟಿದ್ದಾಳೆ. ಅಕ್ಕಿ ಡಬ್ಬಿ ಒಲೆ ಪಕ್ಕಕ್ಕೆ ಯಾಕೆ ಬಂತು ಅಂತ ನಾನು ನಾಲ್ಕು ದಿನ ಯೋಚಿಸಲೂ ಇಲ್ಲ. ಗೊತ್ತಾದ ಮೇಲೆ, "ಹೋಗ್ಲಿ ಬಿಡಮ್ಮ, ಅಗ್ಗದ್ದು," ಅಂದೆ. ಅದನ್ನು ಹೇಳಬಾರದಿತ್ತು. ಅಂದಿನಿಂದ ಅವಳು ಪ್ರತಿಯೊಂದಕ್ಕೂ ಕೇಳಲು ಶುರು ಮಾಡಿದಳು. "ಇದನ್ನ ಇಲ್ಲಿ ಇಡಬಹುದೇನೋ?" "ನೀರು ಬಿದ್ರೆ ಏನೂ ಆಗಲ್ವಾ?" ಒಬ್ಬಟ್ಟು ತಟ್ಟೋಕೆ ಊಟದ ಮೇಜಿಗೆ ಹೋದಳು. ಮಗನ ಅಡುಗೆಮನೆಯಲ್ಲಿ ಅಪ್ಪಣೆ ಕೇಳಿಕೊಂಡು ಓಡಾಡಿದಳು, ವಿಮಾನ ಹತ್ತುವವರೆಗೂ.

ಮೊದಲ ದಿನವೇ ಬಡಿದು ನೋಡಿದವಳಲ್ಲವೇ ಅವಳು? ಇದು ಕಲ್ಲಲ್ಲ ಅಂತ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡೋದು ಕೈ, ಮತ್ತು ಕೈ ನಂಬೋದು ಕಣ್ಣಿನ ಓರೆಯಲ್ಲಿ ಕಂಡದ್ದನ್ನು. ಕಪ್ಪು, ಹೊಳಪು, ಚುಕ್ಕಿ: ಆ ಮೂರೂ ಸೇರಿ ಅವಳ ಕೈಗೆ 'ಇಡು, ಏನೂ ಆಗಲ್ಲ' ಅಂತ ಹೇಳಿದವು. ಲ್ಯಾಮಿನೇಟಿನ ಮೇಲಿನ ಚಿತ್ರ ಅಲಂಕಾರ ಮಾತ್ರ ಅಲ್ಲ, ಬಳಸುವವರಿಗೆ ಅದೊಂದು ಸೂಚನೆ. ಕಲ್ಲಿನ ಚಿತ್ರ ಕೊಡೋದು ತಪ್ಪು ಸೂಚನೆ. ತಪ್ಪು ಆ ಚಿತ್ರದ್ದು, ಅದನ್ನು ಊರಿನ ಮೇಲಿನ ಆಸೆಯಿಂದ ಆರಿಸಿದ ನನ್ನದು. ಗುಮಾನಿ ಮಾತ್ರ ಅಮ್ಮನ ಮೇಲೆ.

ಹಾಗಾದರೆ ಲ್ಯಾಮಿನೇಟ್ ಏನಾಗಿ ಕಾಣಬೇಕು? ಲ್ಯಾಮಿನೇಟಾಗಿಯೇ. ಅದು ಸಾಧ್ಯ ಅಂತ ಎಪ್ಪತ್ತು ವರ್ಷದ ಹಿಂದೆಯೇ ತೋರಿಸಿದ್ದಾರೆ. 1950ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಫಾರ್ಮೈಕಕ್ಕಾಗಿ ಮಾಡಿದ ಸ್ಕೈಲಾರ್ಕ್ ಅನ್ನೋ ವಿನ್ಯಾಸ ಹುಡುಕಿ ನೋಡಿ. ತಿಳಿ ಹಿನ್ನೆಲೆ, ಮೇಲೆ ಚೆಲ್ಲಿದ ಹಾಗೆ ಬೂಮರಾಂಗ್ ಆಕಾರಗಳು. ಅಮೆರಿಕದಲ್ಲಿರುವವರು ಹಳೇ ಡೈನರ್‌ಗಳ ಮೇಜಿನ ಮೇಲೆ ನೋಡಿಯೇ ಇರುತ್ತೀರಿ. ಅದು ಯಾವ ಕಲ್ಲನ್ನೂ ಅನುಕರಿಸುವುದಿಲ್ಲ. ಚಿತ್ರ ಮರುಕಳಿಸಿದರೂ ಮೋಸ ಅನಿಸೋದಿಲ್ಲ, ಸೀರೆಯ ಮೈಮೇಲೆ ಮಾವಿನಕಾಯಿ ಮರುಕಳಿಸಿದರೆ ನಾವು ಮೋಸ ಅಂತೀವಾ? ಟೆಕ್ಸಾಸಿನ ಟೆಂಪಲ್ ಊರಿನಲ್ಲಿ ವಿಲ್ಸನ್‌ಆರ್ಟ್ ಕಂಪನಿಯ ರಾಲ್ಫ್ ವಿಲ್ಸನ್ 1959ರಲ್ಲಿ ಕಟ್ಟಿದ ಮನೆ ಇನ್ನೂ ಸ್ವಾರಸ್ಯದ್ದು. ಲ್ಯಾಮಿನೇಟನ್ನು ಎಲ್ಲೆಲ್ಲಿ ಬಳಸಬಹುದು ಅಂತ ಪರೀಕ್ಷಿಸಲು ಅವರು ತಮ್ಮ ಸ್ವಂತ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಅಡುಗೆಮನೆ ಸರಿ, ಸ್ನಾನದ ಜಾಗದ ಗೋಡೆಗೂ ಅದೇ. ಇಟಲಿಯ ಎತ್ತೋರೆ ಸೊತ್ಸಾಸ್ 1978ರಲ್ಲಿ ಅಬೆಟ್ ಲ್ಯಾಮಿನಾಟಿ ಕಂಪನಿಗೆ ಬ್ಯಾಕ್ಟೀರಿಯೋ ಅನ್ನೋ ವಿನ್ಯಾಸ ಮಾಡಿದರು: ಬಿಳಿಯ ಮೇಲೆ ಹುಳದಂಥ ಕಪ್ಪು ಗೆರೆಗಳು. ಅಗ್ಗದ್ದು ಅಂತ ಎಲ್ಲರೂ ಮೂಗು ಮುರಿಯುವ ವಸ್ತುವನ್ನು ಅವರು ಬೇಕಂತಲೇ ಎದುರಿಗೆ ತಂದರು. ನನ್ನ ಕಟ್ಟೆ ಮೇಲೆ ಅದು ಬೇಕಾ ಅಂದರೆ, ಬೇಡಪ್ಪ, ಅದರ ಮೇಲೆ ಜೀರಿಗೆ ಬಿದ್ದರೆ ಹುಡುಕೋದು ಹೇಗೆ? ಆದರೆ ಅದರ ಧೈರ್ಯ ನನಗಿಷ್ಟ.

ಇವತ್ತಿನ ಅಂಗಡಿಯ ಪುಸ್ತಕ ತೆರೆದರೆ ಆ ಧೈರ್ಯ ಕಾಣೋದಿಲ್ಲ. ಪುಟದ ಮೇಲೆ ಪುಟ ಅಮೃತಶಿಲೆ, ಓಕ್, ಸ್ಲೇಟ್, ಕಾಂಕ್ರೀಟ್. ಕಾಂಕ್ರೀಟಿನ ಚಿತ್ರಕ್ಕೂ ದುಡ್ಡು! ಒಂದೇ ಬಣ್ಣದವು ಕೊನೇ ಪುಟದಲ್ಲಿ, ಎಷ್ಟೋ ಸಲ ಕಡಿಮೆ ಬೆಲೆಗೆ.

"ಇಷ್ಟೆಲ್ಲ ಯಾಕೆ, ನಿಜವಾದ ಕಲ್ಲನ್ನೇ ಹಾಕಿಸಬಹುದಿತ್ತಲ್ಲ" ಅಂತ ನಮ್ಮ ಗೆಳೆಯರ ಬಳಗದಲ್ಲಿ ಒಬ್ಬರಾದರೂ ಕೇಳುತ್ತಾರೆ. 2021ರಲ್ಲಿ ನಮಗೆ ಬಂದ ಕೊಟೇಶನ್‌ಗಳಲ್ಲಿ ಕ್ವಾರ್ಟ್ಜ್ 3,400 ಪೌಂಡ್, ಲ್ಯಾಮಿನೇಟ್ ಕೂಲಿ ಸೇರಿ 780. ನಡುವಿನ ವ್ಯತ್ಯಾಸದಲ್ಲಿ ನಾವು ನಾಲ್ಕೂ ಜನ ಊರಿಗೆ ಹೋಗಿ ಬರಬಹುದಿತ್ತು, ಹೋಗಿ ಬಂದೆವು. ಇನ್ನು ಲ್ಯಾಮಿನೇಟ್ ನೋಡಿ ಮುಖ ಸಿಂಡರಿಸುವ ಕ್ವಾರ್ಟ್ಜ್ ಕೂಡ ಬೆಟ್ಟದಿಂದ ಸೀಳಿ ತಂದ ಕಲ್ಲಲ್ಲ. ಪುಡಿ ಮಾಡಿದ ಕಲ್ಲಿಗೆ ರಾಳ ಕಲಸಿ ಒತ್ತಿದ್ದು. ಅದರ ಮೇಲೂ ಬಿಸಿ ಕುಕ್ಕರ್ ಇಡಬಾರದು. ಸಾಮಾನ್ಯ ಬಗೆಯದರಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ ಇರುತ್ತದೆ, ಕತ್ತರಿಸುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುತ್ತದೆ. ಆಸ್ಟ್ರೇಲಿಯಾದಲ್ಲಿರುವ ನಿಮಗೆ ಇದು ಹೊಸದಲ್ಲ. 2024ರ ಜುಲೈ 1ರಿಂದ ಅಲ್ಲಿ ಅಂಥ ಕಲ್ಲನ್ನು ತಯಾರಿಸೋದು, ಮಾರೋದು, ಕೂರಿಸೋದು ನಿಷಿದ್ಧ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಕಲ್ಲನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಅಗ್ಗದ್ದನ್ನು ಹಾಕಿಸಿಕೊಂಡವರು ತಲೆ ತಗ್ಗಿಸಬೇಕಾದ ಕಾರಣ ನನಗೆ ಕಾಣುವುದಿಲ್ಲ, ಅಷ್ಟೇ.

ಲ್ಯಾಮಿನೇಟಿಗೆ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ, ಅಂಗಡಿಯವರು ಅದನ್ನು ಹೇಳೋದು ಕಡಿಮೆ. ಮೇಲಿನ ಹಾಳೆ ನೀರಿಗೆ ಹೆದರೋದಿಲ್ಲ. ಅರಿಶಿನಕ್ಕೂ ಅಷ್ಟಾಗಿ ಇಲ್ಲ, ಬೇಗ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ, ಉಳಿದ ಹಳದಿ ಕಿಟಕಿಯ ಬಿಸಿಲಿಗೆ ತಾನೇ ಮಾಸುತ್ತದೆ. ಆದರೆ ಒಳಗಿನ ಚಿಪ್‌ಬೋರ್ಡ್ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯೋದಿಲ್ಲ. ನೀರು ಒಳಗೆ ಹೋಗೋದು ಕತ್ತರಿಸಿದ ಕಡೆಯಿಂದ: ಸಿಂಕಿನ ಸುತ್ತ, ಮೂಲೆಯ ಜಾಯಿಂಟಿನಲ್ಲಿ, ಗೋಡೆಯ ಅಂಚಿನಲ್ಲಿ. ನಮ್ಮ ಮೊದಲ ಕಟ್ಟೆ ಕೂರಿಸಿದವನು ಸಿಂಕಿಗೆ ತೂತು ಕೊರೆದು, ಕೊರೆದ ಅಂಚಿಗೆ ಸಿಲಿಕೋನ್ ಸವರದೆ ಸಿಂಕ್ ಇಳಿಸಿ ಹೋಗಿದ್ದ. ನಾವೋ, ಊರಿನ ಅಭ್ಯಾಸದಲ್ಲಿ ನೀರು ಸುರಿದು ತೊಳೆಯುವವರು. ಕೆಲವೇ ವರ್ಷದಲ್ಲಿ ಸಿಂಕಿನ ಮುಂದೆ ಹಪ್ಪಳದ ಹಾಗೆ ಉಬ್ಬಿತು. ಬದಲಾಯಿಸಿದ್ದು ಅದಕ್ಕೇ, ಅಮ್ಮನ ಕುಕ್ಕರಿಗಾಗಿ ಅಲ್ಲ. ಅವಳಿಗೆ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ, ನಂಬೋದಿಲ್ಲ.

ಆದ್ದರಿಂದ ಹಲಗೆಗೆ ಸ್ವಲ್ಪ ಕಡಿಮೆ ಖರ್ಚು ಮಾಡಿ, ಕೂರಿಸುವವರಿಗೆ ಸ್ವಲ್ಪ ಜಾಸ್ತಿ ಕೊಡಿ. ಕೊರೆದ ಅಂಚನ್ನೆಲ್ಲ ಮುಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿ, ಸಂಕೋಚ ಬೇಡ, ಚಹಾ ಕೊಡುವ ನೆಪದಲ್ಲಿ ನಿಲ್ಲಿ. ಜಾಯಿಂಟ್ ಸಿಂಕಿನಿಂದ ದೂರ ಬರುವ ಹಾಗೆ ಅಳತೆ ಹಾಕಿಸಿ. ಡಿಶ್‌ವಾಷರ್ ಇದ್ದರೆ ಅದರ ಮೇಲ್ಗಡೆ ಹಲಗೆಯ ಕೆಳಮೈಗೆ ಆವಿ ತಡೆಯುವ ಪಟ್ಟಿ ಅಂಟಿಸಿಸಿ. ಗ್ರೈಂಡರನ್ನು ಡಿಶ್‌ವಾಷರಿನ ಮೇಲಿನ ಆಸರೆಯಿಲ್ಲದ ಜಾಗದಲ್ಲಿ ಇಡಬೇಡಿ, ಕಪಾಟಿನ ಮೇಲೆ ಇಡಿ. ಮೇಲ್ಮೈ ನುಣುಪಾಗಿರಲಿ, ಆದರೆ ಕನ್ನಡಿಯಂಥ ಹೊಳಪು ಬೇಡ, ಗೀರು ಎದ್ದು ಕಾಣುತ್ತದೆ. ಮರದ ನಾರು ಕೈಗೆ ಸಿಗುವ ಹಾಗೆ ಉಬ್ಬುತಗ್ಗು ಮಾಡಿರುವ ಹಲಗೆಯಂತೂ ನಮ್ಮ ಅಡುಗೆಗೆ ಆಗಿಬರೋದಿಲ್ಲ. ಅಕ್ಕಿಹಿಟ್ಟು ಆ ಗೆರೆಗಳಲ್ಲಿ ಕೂತುಬಿಡುತ್ತದೆ. ತಳಕ್ಕೆ ರಬ್ಬರ್ ಇರುವ ಕಾಯಿತುರಿ ಯಂತ್ರ ಅದರ ಮೇಲೆ ಗಾಳಿ ಎಳೆದು ಕಚ್ಚಿಕೊಳ್ಳೋದೇ ಇಲ್ಲ, ಹೋಳು ಹಿಡಿದು ತಿರುಗಿಸಿದರೆ ಯಂತ್ರವೇ ತಿರುಗುತ್ತದೆ. ಇದನ್ನು ಯಾವ ಇಂಗ್ಲಿಷ್ ಕೈಪಿಡಿಯೂ ನಿಮಗೆ ಹೇಳೋದಿಲ್ಲ.

ಕೊನೆಗೆ ನಾವು ಹಾಕಿಸಿದ್ದು ಒಂದೇ ಬಣ್ಣದ ತಿಳಿ ಬೂದು. ಇಷ್ಟೆಲ್ಲ ಭಾಷಣ ಮಾಡಿದವನ ಆಯ್ಕೆ ಅಷ್ಟೇನೂ ಅದ್ಭುತವಾಗಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಧೈರ್ಯವಿದ್ದಿದ್ದರೆ ಹಸಿರು ಹಾಕಿಸುತ್ತಿದ್ದೆ, ಮಗಳು ಹೇಳಿದ್ದೂ ಅದನ್ನೇ. ನನ್ನ ಹೆಂಡತಿಯ ಆಕ್ಷೇಪವೂ ನಿಜ: ಬೂದು ಬಣ್ಣದ ಮೇಲೆ ಕುಕ್ಕರ್ ಇಟ್ಟರೂ ಸುಡುತ್ತದೆ, ಬಣ್ಣ ನೋಡಿ ಶಾಖ ಕಡಿಮೆಯಾಗೋದಿಲ್ಲ.

2022ರಲ್ಲಿ ಅಮ್ಮ ಮತ್ತೆ ಬಂದಳು. ಚೀಲ ಇಳಿಸಿ, ಕೈಕಾಲು ತೊಳೆದು, ಅಡುಗೆಮನೆಗೆ ಬಂದು ನಿಂತಳು. ಈ ಸಲ ಬಡಿಯಲಿಲ್ಲ.

"ಇದೂ ಸನ್‌ಮೈಕಾನೇ."

"ಹೂಂ."

"ನೋಡಿದ್ರೇ ಗೊತ್ತಾಗುತ್ತೆ ಬಿಡು. ಆಸ್ಪತ್ರೆ ಥರ ಇದೆ."

ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಒಲೆಯ ಎಡಕ್ಕೆ ಚಪಾತಿ ಮಣೆ ಮಲಗಿತ್ತು, ಅದರ ಮೇಲೆ ಕುಕ್ಕರ್ ಕೂತಿತ್ತು. ಯಾರನ್ನೂ ಕೇಳದೆ ಕಾಯಿ ತುರಿಯುತ್ತಿದ್ದಳು. ಹಳೇ ಕಪ್ಪು ಹಲಗೆಯ ಒಂದು ತುಂಡನ್ನು ನಾನು ಎಸೆದಿಲ್ಲ, ಹಿತ್ತಲಿನ ಶೆಡ್ಡಿನಲ್ಲಿ ಬೆಂಚಿನ ಹಾಗೆ ಹೊಂದಿಸಿದ್ದೇನೆ. ಚಳಿಗೆ ಒಳಗೆ ತಂದ ಕರಿಬೇವಿನ ಕುಂಡ ಅದರ ಮೇಲೆ ಇರುತ್ತದೆ, ಆ ವೃತ್ತ ಮುಚ್ಚುವ ಹಾಗೆ. ಒಗ್ಗರಣೆಗೆ ಎಲೆ ಕೀಳಲು ಹೋದ ಅಮ್ಮ ಕುಂಡವನ್ನು ಸ್ವಲ್ಪ ಸರಿಸಿ ನೋಡಿದಳಂತೆ. ಮಗಳು ಹೇಳಿದಳು. ನೋಡಿ, ಮತ್ತೆ ಅಲ್ಲೇ ಇಟ್ಟಳಂತೆ.